ಗುಬ್ಬಿಗೂ ಪಾಲಿರುವ ಗೋಡೆ

ಬೆಳಕು ಹರಿಯುವ ಹೊತ್ತು. ಅಜ್ಜಂಪುರದಿಂದ ತರೀಕೆರೆಗೆ ಹೋಗುವ ದಾರಿಯ ಹುಣಸೇಕಟ್ಟೆ ಗೇಟಿನಲ್ಲಿ ಬಸ್ಸಿಗೆ ಕಾಯುವವರು ಇನ್ನೂ ಬಂದಿಲ್ಲ. ತಂಗುದಾಣದ ಮಣ್ಣಿಟ್ಟಿಗೆ ಗೋಡೆಗೆ ಏಣಿ ಆನಿಸಿ, ಅದರ ಮೇಲೆ ನಿಂತ ಹೆಂಗಸೊಬ್ಬರು ಗೋಡೆಯ ತೂತಿಗೆ ಕಿವಿ ಹಚ್ಚಿದ್ದಾರೆ. ಕೆಳಗೆ ಗಾರೆ ಮೇಸ್ತ್ರಿ ತಿಮ್ಮೇಶ್ ಏಣಿ ಹಿಡಿದಿದ್ದಾರೆ. ಏನಾದರೂ ಕೇಳಿಸಿತೇ ಎಂದು ವಿಚಾರಿಸಿದರೆ, ಬಾಯಿ ಮುಚ್ಚಿಕೊಂಡಿರಿ ಎಂದು ಮೇಲಿನಿಂದ ಕೈಸನ್ನೆ. ಕಲಾವಿದೆಯೊಬ್ಬರನ್ನು ಮಾತನಾಡಿಸಲು ಅಷ್ಟು ದೂರದಿಂದ ಹೋದವನಿಗೆ ಸಿಕ್ಕ ಸ್ವಾಗತ ಇದು.

ಇವರು ಧನ್ಯಶ್ರೀ. ಅಜ್ಜಂಪುರದ ರೈಲ್ವೆ ಸ್ಟೇಷನ್ ಹತ್ತಿರ ಒಂದು ಕೋಣೆಯ ಆಫೀಸು. ಮನೆ ಕಟ್ಟುವವರಿಗೆ ನಕ್ಷೆ ಬರೆದುಕೊಟ್ಟು ಹೊಟ್ಟೆ ಹೊರೆಯುತ್ತಾರೆ. ಹಾಗಾಗಿ ಊರಿಗೆಲ್ಲ ‘ಪ್ಲಾನ್ ಮೇಡಂ’. ಮೈಸೂರಿನಲ್ಲಿ ಆರ್ಕಿಟೆಕ್ಚರ್ ಓದಿದರು, ಕಂಪ್ಯೂಟರ್ ಕೋಡ್ ಬರೆಯುವುದನ್ನು ತಾವೇ ತಡಕಾಡಿ ಕಲಿತರು. ಗುಬ್ಬಿಯ ಹುಚ್ಚು ಮಾತ್ರ ಹುಟ್ಟಿದ ಮನೆಯದು. ತಂದೆ ದೇವರಾಜ ಅವರ ಹಿಟ್ಟಿನ ಗಿರಣಿಯ ಹೆಂಚಿನ ಸಂದಿಗಳಲ್ಲಿ ಗುಬ್ಬಿಗಳ ಸಂಸಾರವೇ ಇತ್ತಂತೆ. ಹೆಂಚು ಇಳಿಸಿ ತಾರಸಿ ಹಾಕಿದ ವರ್ಷ ಒಂದೂ ಉಳಿಯಲಿಲ್ಲ.

ಇವರ ಕಲೆಗೆ ಚೌಕಟ್ಟು, ಗ್ಯಾಲರಿ ಯಾವುದೂ ಇಲ್ಲ, ಬಸ್ ತಂಗುದಾಣದ ಗೋಡೆಯೇ ಎಲ್ಲ. ಒಂದು ಜಾಗದ ಗಾಳಿ ಯಾವ ತಿಂಗಳು ಯಾವ ಕಡೆಯಿಂದ ಬೀಸುತ್ತದೆ, ಬಿಸಿಲು ಎಲ್ಲಿ ಬೀಳುತ್ತದೆ ಎಂಬುದನ್ನೆಲ್ಲ ತಾವು ಬರೆದ ಪ್ರೋಗ್ರಾಮಿಗೆ ಕೊಡುತ್ತಾರೆ. ಎಲ್ಲಿ ಇಟ್ಟಿಗೆ ಇಡಬೇಕು, ಎಲ್ಲಿ ತೂತು ಬಿಡಬೇಕು ಎಂದು ಅದು ಚಿತ್ರ ಬಿಡಿಸಿ ತೋರಿಸುತ್ತದೆ. ಕೆಲವು ತೂತು ಗಾಳಿಗೆ, ಅವು ಗೋಡೆಯ ಆಚೆಗೂ ತೆರೆದಿರುತ್ತವೆ. ಉಳಿದವು ಗುಬ್ಬಿಗೆ, ಹಿಂದೆ ಮುಚ್ಚಿರುತ್ತವೆ. ಬಾಯಿ ಎರಡು ಬೆರಳಗಲ ದಾಟುವಂತಿಲ್ಲ, ದಾಟಿದರೆ ಗೊರವಂಕ ನುಗ್ಗಿ ಗುಬ್ಬಿಯನ್ನು ಒಕ್ಕಲೆಬ್ಬಿಸುತ್ತದೆ. ಪಂಚನಹಳ್ಳಿಯ ಬಯಲಿಗೆ ಬರೆದ ಗೋಡೆ ಲಕ್ಕವಳ್ಳಿಯ ಅಣೆಕಟ್ಟೆಯ ನೀರಿನ ಗಾಳಿಗೆ ಒಗ್ಗುವುದಿಲ್ಲ, ಅಲ್ಲಿಗೆ ಬೇರೆಯೇ ಚಿತ್ರ. ಬೆಳಗಿನ ಬಿಸಿಲು ಆ ತೂತುಗಳಲ್ಲಿ ಇಳಿದು ನೆಲದ ಮೇಲೆ ಹರಡಿದಾಗ ನಾನು ಬಂದ ಬಸ್ಸನ್ನೂ ಹತ್ತದೆ ನೋಡಿದ್ದೇನೆ.

ಹುಣಸೇಕಟ್ಟೆ ಗೇಟಿನಲ್ಲಿ ಮಾತ್ರ ಎಡವಟ್ಟಾಯಿತು. ಹೋದ ವರ್ಷ ತಂಗುದಾಣ ಮುಗಿದು, ಮಾರನೆಯ ದಿನ ಪೂಜೆ. ಬರೀ ಇಟ್ಟಿಗೆ ಕಾಣುವ ಹೊಸ ಗೋಡೆಗೆ ಪೂಜೆ ಮಾಡುವುದುಂಟೇ? ಗೇಟಿನ ಪಕ್ಕದಲ್ಲೇ ಮನೆಯಿರುವ ಶಂಕರಮ್ಮ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ಬಂದು, ಕೆಮ್ಮಣ್ಣು ಸಗಣಿ ಕಲಸಿ, ಸ್ಟೂಲು ಹತ್ತಿ ಕೆಳಗಿನಿಂದ ಮಾಡಿನವರೆಗೂ ಚೊಕ್ಕವಾಗಿ ಸಾರಿಸಿಬಿಟ್ಟರು. ತೂತು ಒಂದೂ ಉಳಿಯಲಿಲ್ಲ.

“ನೋಡ್ತಿದ್ದಂಗೆ ಅಳು ಬಂದ್ಬಿಡ್ತು. ಅಷ್ಟೊತ್ತಿಗೆ ಶಂಕರಮ್ಮ ಬಂದು ಹೆಂಗದೆ ಮೇಡಂ ಅಂದ್ರು. ಚೆನ್ನಾಗದೆ ಅಂದೆ. ನಿಜವಾಗ್ಲೂ ಚೆನ್ನಾಗೇ ಇತ್ತು” ಎಂದು ಧನ್ಯಶ್ರೀ ನಗುತ್ತಾರೆ.

ಚೆನ್ನಾಗಿದ್ದರೇನು, ಬೇಸಿಗೆಯಲ್ಲಿ ಒಳಗೆ ಕೂತವರು ಬೆಂದುಹೋದರು. ಜನ ಹೊರಗೆ ಹೊಂಗೆ ಮರದ ನೆರಳಿಗೆ ನಿಂತರು. ಪಂಚಾಯಿತಿ ಅಧ್ಯಕ್ಷ ಓಂಕಾರೇಶ್ ಕೆಟ್ಟವರೇನಲ್ಲ, ಆದರೆ ಜನ ಬೈಯುವುದು ಅವರನ್ನು. ಗೋಡೆ ಕೆಡವಿ ಶೀಟಿನ ಶೆಲ್ಟರ್ ಹಾಕಿಸುತ್ತೇನೆ ಎಂದರು. ಧನ್ಯಶ್ರೀ ಗೋಗರೆದು ಮುಂದಿನ ಯುಗಾದಿ ಕಳೆಯುವವರೆಗೆ ಗಡುವು ಪಡೆದರು. ಅಷ್ಟರೊಳಗೆ ಒಳಗೆ ತಂಪಾಗಬೇಕು, ಗುಬ್ಬಿಗೆಂದು ಬಿಟ್ಟ ತೂತಿನಲ್ಲಿ ಗುಬ್ಬಿ ಗೂಡು ಕಟ್ಟಬೇಕು ಎಂಬುದು ಅಧ್ಯಕ್ಷರ ಷರತ್ತು. ಇಲ್ಲವಾದರೆ ಗೋಡೆ ಹೋದಂತೆಯೇ.

“ತಪ್ಪು ಶಂಕರಮ್ಮಂದಲ್ಲ ಸಾರ್, ನಂದು. ಬಿಸಿಲು ತಗಂಡೆ, ಗಾಳಿ ತಗಂಡೆ, ಗುಬ್ಬಿ ಮೈ ಅಳತೆನೂ ತಗಂಡೆ. ಊರೋರ ಕೈ ಲೆಕ್ಕಕ್ಕೇ ತಗಳ್ಲಿಲ್ಲ.”

ಆಮೇಲೆ ಅವರು ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು. ಸಾರಿಸಬೇಡಿ ಎಂದು ಬೋರ್ಡು ಬರೆಸಲಿಲ್ಲ. ಗೇಟಿನ ಹೆಂಗಸರನ್ನು ಗೋಡೆಗೆ ನಿಲ್ಲಿಸಿ, ನೆಲದ ಮೇಲೆ ನಿಂತರೆ ಕೈ ಎಲ್ಲಿಯವರೆಗೆ ಎಟಕುತ್ತದೆ ಎಂದು ಗುರುತು ಹಾಕಿಕೊಂಡರು. ಆ ಗುರುತನ್ನು ಪ್ರೋಗ್ರಾಮಿಗೆ ಸೇರಿಸಿ ಹೊಸದಾಗಿ ಚಿತ್ರ ಬರೆಸಿದರು. ಕೈ ಎಟಕುವವರೆಗೆ ತೂತೇ ಇಲ್ಲದ ಗೋಡೆ, ಪ್ರತಿ ಹಬ್ಬಕ್ಕೂ ಮನಸೋ ಇಚ್ಛೆ ಸಾರಿಸಿಕೊಳ್ಳಬಹುದು. ಅದರ ಮೇಲಿನದೆಲ್ಲ ಗಾಳಿಗೂ ಗುಬ್ಬಿಗೂ ಬಿಟ್ಟದ್ದು. ತಿಮ್ಮೇಶ್ ಮೇಲರ್ಧ ಬಿಚ್ಚಿ ಮತ್ತೆ ಕಟ್ಟಿದರು. ಈ ಯುಗಾದಿಗೆ ಶಂಕರಮ್ಮನ ತಂಡ ಗುರುತಿನವರೆಗೆ ಸಾರಿಸಿ, ಅಲ್ಲಿಗೆ ಸುಣ್ಣದ ಒಂದು ಗೆರೆ ಎಳೆದು ಕೈ ತೊಳೆದುಕೊಂಡಿತು. ಒಳಗೆ ತಂಪಾಯಿತು, ಜನ ಮರದಡಿಯಿಂದ ಒಳಕ್ಕೆ ಬಂದರು. ಗುಬ್ಬಿಯದು ಮಾತ್ರ ಇತ್ಯರ್ಥವಾಗಿರಲಿಲ್ಲ.

ನಾನು ಹೋದ ದಿನವೇ ಓಂಕಾರೇಶ್ ಟೇಪು ಹಿಡಿದು ಬೈಕಿನಲ್ಲಿ ಬರುತ್ತಾರೆ. ಗಡುವು ಮುಗಿದಿದೆ, ಶೀಟಿಗೆ ಅಳತೆ ಬೇಕು. ಧನ್ಯಶ್ರೀ ಏಣಿ ಇಳಿದು ಬರುತ್ತಾರೆ, ತೂತಿನಲ್ಲಿ ಅವರಿಗೆ ಏನೂ ಕೇಳಿಸಿಲ್ಲ. ಬಸ್ಸಿಗೆ ಬಂದ ಶಂಕರಮ್ಮ ಸೆರಗು ಸರಿಮಾಡಿಕೊಂಡು ಮೇಲೆ ಕೈ ತೋರಿಸುತ್ತಾರೆ. ಗುಬ್ಬಿಯೊಂದು ಹುಳ ಕಚ್ಚಿಕೊಂಡು ಬಂದು ತೂತಿನೊಳಗೆ ನುಸುಳುತ್ತದೆ. ಒಳಗಿನಿಂದ ಚಿಲಿಪಿಲಿ. ಎಲ್ಲರಿಗೂ ಕೇಳಿಸುತ್ತದೆ.

“ಬಾಣಂತಿ ಮನೆ ಕೀಳ್ತಾರೇನಪ್ಪಾ?” ಎನ್ನುತ್ತಾರೆ ಶಂಕರಮ್ಮ. “ಮರಿ ಹಾರೋಗ್ಲಿ ಬಿಡು.”

ಹಾರಿಹೋದ ಮೇಲೆ ಏನು ಮಾಡಲಿ ಎಂದು ಅಧ್ಯಕ್ಷರು ಕೇಳುತ್ತಾರೆ.

“ಆಮೇಕೆ ಇನ್ನೊಂದು ಬಾಣಂತನ.”

ಓಂಕಾರೇಶ್ ನಕ್ಕು ಟೇಪನ್ನು ಜೇಬಿಗಿಳಿಸುತ್ತಾರೆ. ಶೀಟನ್ನು ಬೇರೆ ಗೇಟಿಗೆ ಹಾಕಿಸಿದರಾಯಿತು ಎನ್ನುತ್ತಾ ಬೈಕು ತಿರುಗಿಸುತ್ತಾರೆ. ತಿಮ್ಮೇಶ್ ಸದ್ದಿಲ್ಲದೆ ಏಣಿ ಎತ್ತಿ ಹೆಗಲಿಗೆ ಹಾಕಿಕೊಳ್ಳುತ್ತಾರೆ.

ತರೀಕೆರೆ ಬಸ್ಸು ಬಂತು. ಕಿಟಕಿಯಲ್ಲಿ ಕೂತ ಪರವೂರಿನವರೊಬ್ಬರು ಗೋಡೆ ನೋಡಿ, ಇಷ್ಟು ಚೆಂದ ಯಾರು ಕಟ್ಟಿದ್ದು ಎಂದು ಕೇಳಿದರು. “ನಾವೇ ಕಣ್ರೀ, ಊರೋರು” ಎಂದು ಶಂಕರಮ್ಮ ಬಸ್ಸು ಹತ್ತಿದರು.

ನಿಮ್ಮ ಹೆಸರು ಅಲ್ಲಿಗೆ ಹೋಯಿತಲ್ಲ ಎಂದು ನಾನು ಧನ್ಯಶ್ರೀಯವರನ್ನು ಕೆಣಕಿದೆ. ಅವರು ಹೊರಟ ಬಸ್ಸನ್ನೇ ನೋಡುತ್ತಿದ್ದರು, ಕಣ್ಣು ತುಂಬಿತ್ತು.

“ಆ ಮಾತು ಕೇಳೋಕೇ ಸಾರ್, ಎರಡು ಸಲ ಕಟ್ಟಿದ್ದು.”