ಸಾಹೇಬರು ತಿಂದುಳಿಸಿದ ಶಾಲು

ಆಡು ಮುಟ್ಟದ ಸೊಪ್ಪಿಲ್ಲ ಎಂದವರು ಪ್ರಾಣಿಧಾಮದ ಈ ಆಡನ್ನು ನೋಡಿರಲಿಕ್ಕಿಲ್ಲ. ಇದು ಸೊಪ್ಪೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಮುಟ್ಟುತ್ತದೆ. ಕಸಾಯಿಖಾನೆಯಿಂದ ಬಿಡಿಸಿ ತಂದ ದಿನವೇ ‘ಪ್ರಾಣಿಗಳಿಗೆ ತಿನ್ನಲು ಏನನ್ನೂ ಕೊಡಬೇಡಿ’ ಎಂಬ ರಟ್ಟಿನ ಫಲಕವನ್ನು ತಿಂದು ಮುಗಿಸಿ, ಎಲ್ಲರಿಂದ ‘ಸಾಹೇಬರು’ ಎನಿಸಿಕೊಂಡಿತು. ಅಂದಿನಿಂದ ಆಫೀಸಿನ ಕುರ್ಚಿ ಸಾಹೇಬರದು, ಮ್ಯಾನೇಜರಿಗೆ ಸ್ಟೂಲು. ಡಾಕ್ಟರು ಔಷಧಿ ಬರೆದುಕೊಟ್ಟರೆ ಸಾಹೇಬರು ಗಡ್ಡ ಅಲ್ಲಾಡಿಸುತ್ತ ಚೀಟಿಯನ್ನೇ ನುಂಗುತ್ತಾರೆ. ಮೇವು ಹಾಕುವ ಅಕ್ಕನದು ದಿನವಿಡೀ ಒಂದೇ ಗೊಣಗಾಟ: “ಇದೇನು ನಿಮ್ಮಪ್ಪನ ಮನೆ ಅಂದ್ಕೊಂಡ್ಯಾ? ಶಾಲು ಬಿಡಪ್ಪ, ನಂಗಿರೋದೇ ಒಂದು.” ಸಾಹೇಬರು ಬಿಡುವುದಿಲ್ಲ. ಹುಲಿಯಂಥ ಕಾವಲುನಾಯಿಗೂ ಜಗ್ಗದ ಇವರು ಒಮ್ಮೆ ಮಾತ್ರ, ಅಕ್ಕ ಹುಲ್ಲು ಕೊಯ್ಯಲೆಂದು ಕುಡುಗೋಲು ಮಸೆಯತೊಡಗಿದಾಗ, ಆ ಸದ್ದು ಕೇಳಿ ಮೇಜಿನಡಿ ನುಗ್ಗಿ, ಗೋಡೆಗೆ ಮುಖಮಾಡಿ ಸಂಜೆಯವರೆಗೂ ನಡುಗುತ್ತ ನಿಂತಿದ್ದರು. ಈಗ ಅಕ್ಕ ದಿನಾ ಬೆಳಗ್ಗೆ ಕುಡುಗೋಲು ಹಿಡಿದು, ಮಂಡಿನೋವನ್ನೂ ಲೆಕ್ಕಿಸದೆ, ಗೇಟು ದಾಟಿ ದೂರದ ಕಾಲುವೆಯವರೆಗೆ ನಡೆಯುತ್ತಾಳೆ. “ಮಸೆಯೋಕೆ ಅಷ್ಟು ದೂರ ಯಾಕಕ್ಕ?” ಎಂದು ಮ್ಯಾನೇಜರು ಕೇಳಿದರೆ, “ಅಲ್ಲಿ ಕಲ್ಲು ಚೆನ್ನಾಗಿದೆ,” ಎನ್ನುತ್ತಾಳೆ. ಮಸೆಯುವ ಕಲ್ಲು ಮಾತ್ರ, ಸಾಹೇಬರು ತಿಂದುಳಿಸಿದ ಶಾಲಿನ ತುದಿಯಲ್ಲಿ ಗಂಟು ಹಾಕಿಕೊಂಡು, ಅವಳ ಜೊತೆಗೇ ಹೋಗಿಬರುತ್ತದೆ.