ಅಮ್ಮನ ವಯರ್ ಬ್ಯಾಗು, ಮಗಳ ಕೋಡಿಂಗ್ ಕ್ಲಾಸು

ಸಂಜೆ ಏಳು ಗಂಟೆ. ಹೋದ ತಿಂಗಳು ತೀರಿಕೊಂಡ ಅಮ್ಮನ ಕಪಾಟನ್ನು ಇವತ್ತು ಖಾಲಿ ಮಾಡಿದೆವು. ಅವಳು ಹೆಣೆದ ವಯರ್ ಬ್ಯಾಗೊಂದು ಸಿಕ್ಕಿತು. ಅದೇ ಪ್ಲಾಸ್ಟಿಕ್ ವಾಸನೆ.

ನಾನು ಚಿಕ್ಕವಳಿದ್ದಾಗ, ಸಯನ್ನಿನ ಚಾಳಿನ ನಮ್ಮ ಒಂಟಿಕೋಣೆ ಮನೆಯಲ್ಲಿ ಅಮ್ಮ ಬಾಗಿಲಲ್ಲೇ ಕೂತು ಹೆಣೆಯುತ್ತಿದ್ದಳು. ಒಂದು ಗಂಟು ತಪ್ಪಿದರೆ ನಾನು, "ಯಾರಿಗೆ ಕಾಣ್ತದೆ, ಬಿಡು" ಎನ್ನುತ್ತಿದ್ದೆ.

"ಮುಂದೆ ಬ್ಯಾಗಿನ ಹೂವೇ ಸೊಟ್ಟ ಆಗ್ತದೆ ಮಾರಾಯ್ತಿ" ಎಂದು, ಗುನುಗುತ್ತಲೇ ತಪ್ಪಿದ ಗಂಟಿನವರೆಗೂ ಬಿಚ್ಚುತ್ತಿದ್ದಳು.

ಮಗಳು ಪಕ್ಕಕ್ಕೆ ಬಂದು ಕೂತಳು. "ಮಮ್ಮಿ, ನನ್ನ ಮ್ಯಾಥ್ಸ್ ವೀಕ್. ಕೋಡಿಂಗ್ ಕ್ಲಾಸಿಗೆ ಹೋಗೋದು ಬೇಡ್ವಾ?"

"ಗಣಿತ ಎಷ್ಟು ಬೇಕೋ ನಂಗೊತ್ತಿಲ್ಲ. ಅಲ್ಲಿ ತಪ್ಪಾದ್ರೆ ಏನು ಮಾಡ್ತಾರೆ?"

"ಎಲ್ಲಿ ತಪ್ಪಿದೆ ಅಂತ ಹಿಂದೆ ಹೋಗಿ ಹುಡುಕ್ಬೇಕು. ಬಹುತ್ ಬೋರಿಂಗ್!"

"ಹಾಗಾದ್ರೆ ಅದು ನಿನ್ನ ಅಜ್ಜಿಯ ಕೆಲಸವೇ."

ಅವಳು ನಕ್ಕು, ಲ್ಯಾಪ್‌ಟಾಪನ್ನು ಆ ಬ್ಯಾಗಿನಲ್ಲಿಟ್ಟಳು. ನಾಳೆ ಬೆಳಿಗ್ಗೆ ಕಾಂದಿವಲಿಯಲ್ಲಿ ಮೊದಲ ಕ್ಲಾಸು.