ಬತ್ತೀನಿ ಎಂದವರು, ಬಂದವರು

ಇತ್ತೀಚೆಗೆ ‘ಬತ್ತೀನಿ ಸಾ’ ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ನಮ್ಮ ಹೊಳೆನರಸೀಪುರದ ಕಡೆ ಇದಕ್ಕಿಂತ ಮರ್ಯಾದೆಯ ಮಾತಿಲ್ಲ, ಇದಕ್ಕಿಂತ ಪೊಳ್ಳು ಮಾತೂ ಇಲ್ಲ. ಎದುರಿಗೆ ನಿಂತವರಿಗೆ ‘ಬರಲ್ಲ’ ಎನ್ನುವುದು ನಮ್ಮವರ ಬಾಯಲ್ಲಿ ಹೊರಡದು. ಹಾಗಾಗಿ ಬರುವವರೂ ಬತ್ತೀನಿ ಎನ್ನುತ್ತಾರೆ. ಬಾರದವರು ಇನ್ನಷ್ಟು ಗಟ್ಟಿಯಾಗಿ ಬತ್ತೀನಿ ಎನ್ನುತ್ತಾರೆ. ಈ ವ್ಯತ್ಯಾಸ ತಿಳಿಯಲು ನಾನು ನಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿಯಾಗಬೇಕಾಯಿತು.

ಹೇಗೆ ಆದೆನೋ ಸರಿಯಾಗಿ ನೆನಪಿಲ್ಲ. ನಾನು ಬೇಡವೆಂದೆ, ಅವರು ಒತ್ತಾಯ ಮಾಡಿದರು ಎಂಬುದು ನನ್ನ ನೆನಪು. ನಾನೇ ಮೊದಲು ಕೈ ಎತ್ತಿದೆ ಎಂಬುದು ಹೆಂಡತಿಯ ನೆನಪು. ಮೈಸೂರಿನಲ್ಲಿ ಸಮಾಜಶಾಸ್ತ್ರದ ಎಂ.ಎ. ಓದುವಾಗ ಎಲ್ಲವನ್ನೂ ಸಂಶಯಿಸುವುದನ್ನು ಕಲಿತೆ; ಈಗ ಆ ವಿದ್ಯೆ ನನ್ನ ತಲೆಯ ಮೇಲೇ ತಿರುಗಿಬಿದ್ದಿದೆ. ಅದೇ ಎಂ.ಎ.ಯಲ್ಲಿ ‘ಅಭಿವೃದ್ಧಿಯಲ್ಲಿ ಜನರ ಸಹಭಾಗಿತ್ವ’ ಎಂಬ ಪ್ರಶ್ನೆಗೆ ಪುಟಗಟ್ಟಲೆ ಉತ್ತರ ಬರೆದಿದ್ದೆ. ಆ ಜನರನ್ನು ಕರೆತಂದು ಕುರ್ಚಿಯ ಮೇಲೆ ಕೂರಿಸುವುದು ಹೇಗೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ನಮ್ಮ ಬೀದಿಯ ಸಮಸ್ಯೆ ಚರಂಡಿ. ಸ್ಕೂಟರ್ ಹತ್ತಿಸಲೆಂದು ಪ್ರತಿ ಮನೆಯವರೂ ಬಾಗಿಲ ಮುಂದೆ ಚರಂಡಿಯ ಮೇಲೆ ಕಲ್ಲುಚಪ್ಪಡಿ ಹಾಸಿ ಸಿಮೆಂಟು ಬಳಿದಿದ್ದಾರೆ. ಕೆಳಗೆ ಹೂಳು ತುಂಬಿದೆ; ಅದನ್ನು ತೆಗೆಯಲು ಗುದ್ದಲಿ ಹೋಗುವ ದಾರಿಯಿಲ್ಲ. ಮಳೆ ಬಂದರೆ ಬೀದಿಯ ಕೊಳಕೆಲ್ಲ ಇಳಿಜಾರಿನ ಕೊನೆಯಲ್ಲಿರುವ ಜಯಮ್ಮನ ಮನೆಗೆ ನುಗ್ಗುತ್ತದೆ. ಜಯಮ್ಮ ಬಟ್ಟೆ ಹೊಲಿದು ಸಂಸಾರ ಸಾಗಿಸುವ ಹೆಂಗಸು. ಊರವರ ಮದುವೆಯ ರವಿಕೆಗಳೆಲ್ಲ ಆಕೆಯ ಮನೆಯಲ್ಲೇ ಇರುತ್ತವೆ. ಹೋದ ಮಳೆಗಾಲದಲ್ಲಿ ಎರಡು ಸಲ ಆಕೆಯ ಮಿಷನ್ನು ನೀರಲ್ಲಿ ನಿಂತಿತ್ತು.

ಪುರಸಭೆಯ ಇಂಜಿನಿಯರು ಒಳ್ಳೆಯವರು. ಚಪ್ಪಡಿ ತೆಗೆಯಲು ಮನೆಯವರೆಲ್ಲ ಒಪ್ಪಿದರೆ ಮಳೆಗೆ ಮುಂಚೆಯೇ ಹೂಳೆತ್ತಿಸಿ, ಪಾರ್ಕಿಗೆಂದು ಬಿಟ್ಟ ಜಾಗದಲ್ಲಿ ಇಂಗುಗುಂಡಿಯನ್ನೂ ತೋಡಿಸುವುದಾಗಿ ಹೇಳಿದರು. ಒಪ್ಪದಿದ್ದರೆ ಕೆಲಸ ಬೇರೆ ವಾರ್ಡಿಗೆ ಹೋಗುತ್ತದೆ, ಅಷ್ಟೆ. ನಾನು ಸಭೆ ಕರೆದೆ. ಎಲ್ಲರೂ ಬತ್ತೀವಿ ಎಂದರು. ಅಧ್ಯಕ್ಷ ರಂಗೇಗೌಡರು, ನಾನು, ಜಯಮ್ಮ ಕೂತೆವು. ಮತ್ತೆ ಕರೆದೆ. ಮತ್ತೆ ನಾವೇ ಕೂತೆವು. ಜಯಮ್ಮ ನಮ್ಮಿಬ್ಬರನ್ನೂ ನೋಡಿ ಎದ್ದುಹೋದಳು.

ಹಿಂದೆ ಊರ ಮಹಾಜನರು ಕೂಡಿ ಕೆರೆಯ ಹೂಳೆತ್ತಿಸಿದರೆಂದು ಶಾಸನಗಳಲ್ಲಿ ಓದಿದ್ದೇನೆ. ಓದಿದ್ದು ನುಗ್ಗೇಹಳ್ಳಿಯ ಗುಡಿಯ ಹತ್ತಿರವೋ ತರಗತಿಯಲ್ಲೋ, ಈಗ ಪ್ರಮಾಣ ಮಾಡಲಾರೆ. ಮಹಾಜನರು ಹೂಳೆತ್ತಿಸಿದರು ಎಂದು ಶಾಸನ ಹೇಳುತ್ತದೆಯೇ ಹೊರತು, ಅವರು ಎಷ್ಟನೆಯ ಸಭೆಗೆ ಬಂದರು ಎಂದು ಹೇಳುವುದಿಲ್ಲ. ಆ ಕಾಲದ ಕಾರ್ಯದರ್ಶಿಯ ಸಂಕಟವನ್ನು ಕಲ್ಲಿನಲ್ಲಿ ಕೊರೆಯಲು ಜಾಗ ಸಾಲದೆ ಬಿಟ್ಟಿರಬೇಕು.

ಬಾಯಿಮಾತಿಗೆ ಬೆಲೆಯಿಲ್ಲ, ನೋಟೀಸು ಅಂಟಿಸೋಣ ಎಂದರು ರಂಗೇಗೌಡರು. ಅಧ್ಯಕ್ಷರ ಫೋಟೊ ಇಲ್ಲದ ನೋಟೀಸಿಗೆ ತೂಕವಿಲ್ಲ ಎಂದೂ ಸೇರಿಸಿದರು. ಜೆರಾಕ್ಸ್ ಅಂಗಡಿಯವನು ಅವರ ಗುರುತಿನ ಚೀಟಿಯ ಫೋಟೊವನ್ನೇ ದೊಡ್ಡದು ಮಾಡಿ, ಕಪ್ಪುಬಿಳುಪಿನಲ್ಲಿ, ಸುತ್ತ ಹೂವಿನ ಅಂಚು ಕೊಟ್ಟು, ಎರಡು ಬದಿಗೂ ದೀಪ ಉರಿಸಿ ಅಚ್ಚು ಹಾಕಿದ. ಸಭೆಯನ್ನು ದೀಪ ಬೆಳಗಿಸಿ ಉದ್ಘಾಟಿಸುವುದು ವಾಡಿಕೆಯಲ್ಲವೇ, ಅದಕ್ಕೆ ದೀಪ. ಆ ದೀಪಗಳನ್ನು ನಾನು ಬೇಡವೆಂದಿದ್ದೆ. ‘ಒಂದು ಸಾಲದು, ಎರಡಿರಲಿ’ ಎಂದದ್ದು ನೀವೇ ಎನ್ನುತ್ತಾಳೆ ಹೆಂಡತಿ. ಫೋಟೊದ ಕೆಳಗೆ ಸಣ್ಣಕ್ಷರದಲ್ಲಿ ವಿಷಯ ಇತ್ತು: ಭಾನುವಾರ ಬೆಳಿಗ್ಗೆ, ಅಧ್ಯಕ್ಷರ ಸ್ವಗೃಹದಲ್ಲಿ, ಎಲ್ಲರೂ ಬರಬೇಕು. ಶನಿವಾರ ಸಂಜೆ ಹಾಲಿನ ಡೇರಿಯ ಗೋಡೆಗೂ ಕರೆಂಟು ಕಂಬಗಳಿಗೂ ಅಂಟಿಸಿ ಬಂದೆವು.

ಹಾಲಿನ ಡೇರಿಯ ಗೋಡೆಯ ಮೇಲೆ, ಎರಡು ದೀಪಗಳ ನಡುವೆ, ಕಪ್ಪುಬಿಳುಪಿನಲ್ಲಿ ಒಬ್ಬ ಮನುಷ್ಯ ಕಂಡರೆ ನಮ್ಮೂರಲ್ಲಿ ಯಾರೂ ಸಣ್ಣಕ್ಷರ ಓದುವುದಿಲ್ಲ. ಸಾವಿನ ಮನೆಗೆ ಫೋನು ಮಾಡಿ ನಿಜವೇ ಎಂದೂ ಕೇಳುವುದಿಲ್ಲ, ಎದ್ದು ಹೋಗುತ್ತಾರೆ.

ಭಾನುವಾರ ನಾನು ಹೋಗುವಷ್ಟರಲ್ಲಿ ಇಡೀ ಬೀದಿ ರಂಗೇಗೌಡರ ಮನೆಯ ಮುಂದಿತ್ತು. ಯಾರೋ ಆಗಲೇ ಕುರ್ಚಿ ತರಿಸಿದ್ದರು. ಯಾರೋ ಶಾಮಿಯಾನದ ಗೂಟ ಹೊಡೆಯುತ್ತಿದ್ದರು. ಇನ್ಯಾರೋ ಕುಡಿಯುವ ನೀರಿನ ಕ್ಯಾನು ಇಳಿಸುತ್ತಿದ್ದರು. ಅಧ್ಯಕ್ಷನಿಲ್ಲ, ಕಾರ್ಯದರ್ಶಿಯಿಲ್ಲ, ನಡಾವಳಿಯಿಲ್ಲ. ನಾನು ಎಂ.ಎ.ಯಲ್ಲಿ ಬರೆದ ಸಹಭಾಗಿತ್ವವೆಲ್ಲ ಕಣ್ಣೆದುರು ಓಡಾಡುತ್ತಿತ್ತು. ಯಾರೋ ಸುದ್ದಿ ಮುಟ್ಟಿಸಿದ್ದರಿಂದ ಗೌಡರ ಭಾವಮೈದ ಅರಕಲಗೂಡಿನಿಂದ ಮೊದಲ ಬಸ್ಸಿಗೇ ಬಂದು ಹಾರ ಹಿಡಿದು ನಿಂತಿದ್ದರು.

ಆಗ ರಂಗೇಗೌಡರು ಬನಿಯನ್ನಿನಲ್ಲಿ, ಕೈಯಲ್ಲಿ ಕಾಫಿ ಲೋಟ ಹಿಡಿದು ಹೊರಗೆ ಬಂದರು. ತಮ್ಮ ನೋಟೀಸಿಗೆ ಇಷ್ಟು ತೂಕವಿದೆಯೆಂದು ಮೊದಲು ಮುಖ ಅರಳಿತು. ಆಮೇಲೆ ಹಾರ ಕಣ್ಣಿಗೆ ಬಿತ್ತು.

“ಯಾಕ್ರಲಾ ಇಂಗೆ ನಿಂತಿದೀರಿ? ಯಾರ್ ಓಗ್ಬುಟ್ರು?”

ಎಲ್ಲರೂ ಹಾರದ ಕಡೆ ನೋಡಿದರು. ಕೊನೆಗೆ ಭಾವಮೈದನೇ ಹೇಳಬೇಕಾಯಿತು. “ನೀವೇ ಕಣ್ ಭಾವ.”

ನಗು ತಡೆಯಲು ಕೆಲವರು ಶಾಮಿಯಾನದ ಹಿಂದೆ ಹೋದರು. ಗೌಡರು ನನ್ನನ್ನು ನೋಡಿದ ನೋಟವನ್ನು ನನ್ನ ನೆನಪು ಎಷ್ಟೇ ಕೆಟ್ಟರೂ ಮರೆಯಲಾರೆ. ಜನ ಇನ್ನೇನು ಚಪ್ಪಲಿ ಹುಡುಕಬೇಕು, ಅಷ್ಟರಲ್ಲಿ ಜಯಮ್ಮ ಗೇಟಿಗೆ ಅಡ್ಡ ನಿಂತಳು.

“ಅಣ್ಣ ಬದ್ಕವ್ರೆ, ಒಳ್ಳೇದಾಯ್ತು. ಬಂದಿದ್ದು ಬಂದಿದೀರಿ, ನಮ್ಮನೆಗಂಟ ಒಂದ್ಸಲ ಬಂದ್ಬುಟ್ಟೋಗಿ. ಸತ್ತೋರ್ ಮನೆಗೆ ಓಡ್ಬತ್ತೀರಿ, ಬದ್ಕಿರೋರ್ ಮನೆಗೆ ಬರಾಕಾಗಲ್ವಾ?”

ಇದಕ್ಕೆ ಬತ್ತೀನಿ ಎಂದು ಉತ್ತರ ಹೇಳಿ ತಪ್ಪಿಸಿಕೊಳ್ಳುವಂತಿರಲಿಲ್ಲ. ಎಲ್ಲರೂ ಇಳಿಜಾರಿಗೆ ಇಳಿದರು. ಇಟ್ಟಿಗೆಗಳ ಮೇಲೆ ಏರಿಸಿಟ್ಟ ಮಿಷನ್ನು, ಅಟ್ಟಕ್ಕೆ ಕಟ್ಟಿದ ಬಟ್ಟೆಯ ಗಂಟು, ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ನೀರು ಎಳೆದ ಗೆರೆ. ನಾನು ಒಂದು ಭಾಷಣ ಸಿದ್ಧ ಮಾಡಿಕೊಂಡಿದ್ದೆ. ಅದನ್ನು ಯಾರೂ ಕೇಳಲಿಲ್ಲ, ಬೇಕೂ ಆಗಲಿಲ್ಲ. ರಂಗೇಗೌಡರು ಆ ಗೆರೆಯನ್ನು ಬೆರಳಿನಿಂದ ಒಮ್ಮೆ ಸವರಿ, ತಮ್ಮ ಚಪ್ಪಡಿ ಮೊದಲು ತೆಗೆಸುವುದಾಗಿ ಹೇಳಿದರು. ಆ ದಿನ ಹೊಸದಾಗಿ ಬದುಕಿದ ಮನುಷ್ಯನ ಮಾತಿಗೆ ಎದುರಾಡುವವರು ಇರಲಿಲ್ಲ.

ಹೊರಡುವಾಗ ಮಾತ್ರ ಎಲ್ಲರಿಗೂ ಗೊಂದಲ. ಸಾವಿನ ಮನೆಯಿಂದ ಹೊರಡುವಾಗ ನಮ್ಮಲ್ಲಿ ‘ಬತ್ತೀವಿ’ ಎನ್ನಬಾರದು. ಸುಮ್ಮನೆ ಎದ್ದು ಹೋಗಬೇಕು. ತಾವು ಬಂದದ್ದು ಸಾವಿಗೋ ಸಭೆಗೋ ತಿಳಿಯದೆ, ಯಾವುದಕ್ಕೂ ಇರಲಿ ಎಂದು ಒಬ್ಬರೂ ಬತ್ತೀವಿ ಎನ್ನದೆ ಹೋದರು. ಮುಂದಿನ ಭಾನುವಾರ ಚಪ್ಪಡಿ ಕೀಳಲು ಹಾರೆ ಗುದ್ದಲಿ ಹಿಡಿದು ಎಲ್ಲರೂ ಬಂದರು. ಬತ್ತೀನಿ ಎಂದು ಬಾಯಲ್ಲೇ ಬಂದು ಮುಗಿಸಿದವನಿಗೆ ಕಾಲಲ್ಲಿ ಬರುವ ಅಗತ್ಯ ಉಳಿದಿರುವುದಿಲ್ಲ ಎಂದು ನನಗೆ ಆಗ ಹೊಳೆಯಿತು. ಇದನ್ನು ಹಿಂದೆಲ್ಲೋ ಓದಿದ್ದೆನೇನೋ, ನೆನಪಿಲ್ಲ.

ಇಂಜಿನಿಯರು ಮಾತಿನಂತೆ ಹೂಳೆತ್ತಿಸಿದರು. ಮೊದಲ ಮಳೆಗೆ ನೀರು ಜಯಮ್ಮನ ಹೊಸ್ತಿಲವರೆಗೆ ಬಂದು, ಒಳಗೆ ಇಣುಕಿ, ಚರಂಡಿಗೆ ತಿರುಗಿತು. ಮಿಷನ್ನು ಇಟ್ಟಿಗೆಯಿಂದ ಇನ್ನೂ ಇಳಿದಿಲ್ಲ. ಇಂಗುಗುಂಡಿ ಆಗಲಿ, ಆಮೇಲೆ ಇಳಿಸುತ್ತೇನೆ ಎನ್ನುತ್ತಾಳೆ. ಆಕೆಯೂ ನನ್ನ ಹಾಗೆ ಸಂಶಯದವಳು, ಓದಿಲ್ಲ ಅಷ್ಟೆ.

ಇಂಗುಗುಂಡಿ ಅರ್ಧಕ್ಕೇ ನಿಂತಿದೆ; ಮುಂದುವರಿಸಲು ಮತ್ತೆ ಎಲ್ಲರ ಒಪ್ಪಿಗೆ ಬೇಕಂತೆ. ಮೊನ್ನೆ ಅದಕ್ಕೆಂದು ಸಭೆ ಕರೆಯಲು ಹೊರಟೆ. ಪ್ರತಿ ಬಾಗಿಲಲ್ಲೂ ನಗುಮುಖ, ಪ್ರತಿ ಬಾಯಲ್ಲೂ ‘ಬತ್ತೀನಿ ಸಾ’. ಕುದಿಯುತ್ತಾ ರಂಗೇಗೌಡರ ಮನೆಗೆ ಹೋದೆ. ಅವರು ನಿಧಾನವಾಗಿ ಕಾಫಿ ಮುಗಿಸಿ ನನ್ನ ಮುಖವನ್ನು ಅಳೆಯುವಂತೆ ನೋಡಿದರು.

“ನಂದಾಯ್ತಲ್ಲ ಸಾ. ಈ ಸಲ ನಿಮ್ ಫೋಟೊ ಹಾಕ್ಸನ.”

ಎರಡು ದಿನದಿಂದ ಹಳೆಯ ಫೋಟೊಗಳನ್ನು ಹುಡುಕುತ್ತಿದ್ದೇನೆ. ಒಂದೂ ಸರಿಯಿಲ್ಲ, ಎಲ್ಲದರಲ್ಲೂ ಕೊಂಚ ಬದುಕಿರುವಂತೆ ಕಾಣುತ್ತೇನೆ.